ಕನ್ನಡಿಯ ಮುಂದಿನ ಇಂಗ್ಲಿಷು

ತುರುವೇಕೆರೆ ತಾಲ್ಲೂಕಿನ ಮಾಯಸಂದ್ರದಲ್ಲಿ ಹಿಮ ಬಿದ್ದುದನ್ನು ಕಂಡವರಿಲ್ಲ. ಮಾಗಿಯ ಬೆಳಗಿನಲ್ಲಿ ತೆಂಗಿನ ಗರಿಗಳ ತುದಿಯಿಂದ ಇಬ್ಬನಿ ತೊಟ್ಟಿಕ್ಕುವುದುಂಟು. ಸೂರ್ಯ ಮಾರುದ್ದ ಏರುವುದರೊಳಗೆ ಅದೂ ಆರಿಹೋಗುತ್ತದೆ. ಆದರೂ ಈ ಸೀಮೆಯ ಮುದುಕಿಯರಿಗೆ 'ಸ್ನೋ' ಎಂಬ ಮಾತು ಹೊಸದಲ್ಲ. ಮದುವೆಯ ಜವಳಿಯೊಡನೆ ಪೇಟೆಯಿಂದ ಬರುತ್ತಿದ್ದ ಗಾಜಿನ ಪುಟ್ಟ ಡಬ್ಬಿ, ಅದರೊಳಗಿನ ಬೆಣ್ಣೆಯಂಥ ಬಿಳಿಯ ಪದಾರ್ಥ, ಮುಖಕ್ಕೆ ಸವರಿದೊಡನೆ ಕಣ್ಮರೆಯಾಗುವ ಅದರ ಚಮತ್ಕಾರ, ಇಷ್ಟು ಸೇರಿ ಅವರ ಸ್ನೋ. ಚರ್ಮದ ಮೇಲೆ ಹಿಮದಂತೆ ಕರಗಿ ಮಾಯವಾಗುವುದರಿಂದಲೇ ಅದಕ್ಕೆ ಆ ಹೆಸರು ಬಂದಿತೆಂಬುದನ್ನು ಯಾರೂ ಅವರಿಗೆ ಹೇಳಲಿಲ್ಲ. ಅವರು ಕೇಳಲೂ ಇಲ್ಲ. ಮುಂಬಯಿಯ ಪಾಟಣವಾಲಾ ಅವರ ಅಫ್ಘಾನ್ ಸ್ನೋ ಭಾರತದ ಮೂಲೆಮೂಲೆಯ ಪೆಟ್ಟಿಗೆಗಳನ್ನು ಸೇರಿದ ಕಾಲದಲ್ಲಿ ಎಷ್ಟೋ ಕನ್ನಡ ಮನೆಗಳಿಗೆ ಹಿಮವೆಂದರೆ ಮುಖಕ್ಕೆ ಹಚ್ಚುವ ವಸ್ತುವಾಗಿತ್ತು. ಕಾಶ್ಮೀರದ ಚಿತ್ರ ಕಂಡದ್ದು ಆಮೇಲೆ.

ಒಂದು ಭಾಷೆಯ ಮಾತು ಇನ್ನೊಂದು ಭಾಷೆಗೆ ಬಂದಾಗ ತನ್ನ ಅರ್ಥದ ಮೂಟೆಯನ್ನೆಲ್ಲ ಹೊತ್ತು ತರುವುದಿಲ್ಲ. ದಾರಿಯಲ್ಲಿ ಎಷ್ಟನ್ನೋ ಚೆಲ್ಲಿ ಬರುತ್ತದೆ. ಇದಕ್ಕೆ ದೂರ ಹೋಗಬೇಕಾಗಿಲ್ಲ. ಮಾಯಸಂದ್ರದ ಹೆಸರಿನ ಕೊನೆಯಲ್ಲಿರುವ 'ಸಂದ್ರ' ಮೂಲದಲ್ಲಿ ಸಮುದ್ರ. ಕೆರೆ ಕಟ್ಟಿಸಿದ ಹಿರಿಯರು ಅದನ್ನು ಅಭಿಮಾನದಿಂದ ಸಮುದ್ರವೆಂದು ಕರೆದರು. ಜನರ ನಾಲಿಗೆ ಆ ಸಮುದ್ರವನ್ನು ಎರಡಕ್ಷರಕ್ಕೆ ಇಳಿಸಿತು. ಸಮುದ್ರವನ್ನೇ ಸಂದ್ರವಾಗಿಸಿದ ನಾಲಿಗೆಗೆ ಲಿಪ್‌ಸ್ಟಿಕ್ಕನ್ನು 'ಲಿಪ್ಟಿಕ್ಕು' ಮಾಡುವುದು ಏನು ಕಷ್ಟ? ಇದೇ ತಾಲ್ಲೂಕಿನ ಸಂಪಿಗೆ ಎಂಬ ಗ್ರಾಮದಲ್ಲಿ 1884ರಲ್ಲಿ ಜನಿಸಿದ ಬಿ. ಎಂ. ಶ್ರೀಕಂಠಯ್ಯನವರು 1911ರಲ್ಲಿ ಧಾರವಾಡದಲ್ಲಿ ಭಾಷಣ ಮಾಡಿ ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ವಿವರಿಸಿದವರು. ಇಂಗ್ಲಿಷಿನ ಕವಿತೆಗಳಿಗೆ ಕನ್ನಡದ ಉಡುಗೆ ತೊಡಿಸಿದವರು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟಿನ ಕಾರ್ಯದಲ್ಲಿ ಬಹುಕಾಲ ದುಡಿದವರು. ಆ ನಿಘಂಟು ಹೊರಬಂದದ್ದು ಅವರು ತೀರಿಕೊಂಡ 1946ರಲ್ಲಿಯೇ. ಹೂವಿನ ಹೆಸರಿನ ಊರಿನಲ್ಲಿ ಹುಟ್ಟಿದವರ ಕೈಗೆ ಪದಗಳನ್ನು ಕಟ್ಟುವ ಕೆಲಸ ಬಂದದ್ದು ಉಚಿತವೇ ಆಯಿತು.

ಆದರೆ ಅಲಂಕಾರದ ಮಾತುಗಳು ನಿಘಂಟಿನ ಬಾಗಿಲಿನಿಂದ ಒಳಗೆ ಬರಲಿಲ್ಲ. ಅವು ಬಂದದ್ದು ಬಳೆಗಾರನ ಮಲಾರದ ಪಕ್ಕದಲ್ಲಿ, ಜಾತ್ರೆಯ ಅಂಗಡಿಗಳಲ್ಲಿ, ಸಿನಿಮಾ ಕೊಟ್ಟಿಗೆಯ ಬೆಳ್ಳಿತೆರೆಯ ಮೇಲೆ, ಕೊನೆಗೆ 'ಫ್ಯಾನ್ಸಿ ಸ್ಟೋರ್ಸ್' ಎಂಬ ಹಲಗೆ ತೂಗಿಸಿದ ಅಂಗಡಿಯ ಗಾಜಿನ ಬೀರುವಿನಲ್ಲಿ. ಪಂಡಿತರು ಮುಖಚೂರ್ಣ, ತುಟಿರಂಗು, ಪ್ರಸಾಧನ ಸಾಮಗ್ರಿ ಎಂದು ಪದಗಳನ್ನು ಟಂಕಿಸುವ ವೇಳೆಗೆ ಹೆಂಗಸರು ಪೌಡರು, ಲಿಪ್‌ಸ್ಟಿಕ್ಕು, ಸ್ನೋಗಳೊಡನೆ ಸಂಸಾರ ಹೂಡಿ ಆಗಿತ್ತು. ಟಂಕಿಸಿದವುಗಳಲ್ಲಿ 'ಸೌಂದರ್ಯವರ್ಧಕ' ಎಂಬುದು ಪತ್ರಿಕೆಗಳ ಮಟ್ಟಿಗೆ ಬದುಕಿತು. 'ಉಗುರುಬಣ್ಣ' ಮನೆಗಳಲ್ಲಿಯೂ ಬದುಕಿತು. ಕಾರಣ ಸ್ಪಷ್ಟವಾಗಿದೆ. ಉಗುರುಬಣ್ಣ ಎನ್ನುವುದಕ್ಕೆ ಯಾವ ಸಮಿತಿಯೂ ಬೇಕಿಲ್ಲ. ಆರು ವರ್ಷದ ಹುಡುಗಿಯೂ ಅದನ್ನು ತಾನೇ ಕಟ್ಟಿಕೊಳ್ಳಬಲ್ಲಳು.

ಇಂಗ್ಲಿಷಿನ ಮಾತುಗಳು ಬರುವ ಮೊದಲು ಕನ್ನಡದ ಕನ್ನಡಿ ಬರಿದಾಗಿತ್ತೇ? ಖಂಡಿತ ಇಲ್ಲ. ಚಾಲುಕ್ಯರ ಕಾಲದಲ್ಲಿ, ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯನು ಬರೆದ 'ಲೋಕೋಪಕಾರ'ದಲ್ಲಿ ಬೇಸಾಯ, ಬಾವಿ, ಅಡುಗೆ, ಪಶುವೈದ್ಯಗಳ ಜೊತೆಗೆ ಸುಗಂಧದ್ರವ್ಯಗಳ ತಯಾರಿಕೆಗೂ ಸ್ಥಾನವಿದೆ. ಒಂದು ಶತಮಾನದ ಬಳಿಕ ಕಲ್ಯಾಣದ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ವಂತೂ ಸ್ನಾನ, ವಿಲೇಪನಗಳನ್ನು ರಾಜನ ಭೋಗಗಳ ಸಾಲಿನಲ್ಲಿಯೇ ಸೇರಿಸಿದೆ. ಅರಮನೆಯ ಮಾತು ಹಾಗಿರಲಿ. ಹಳ್ಳಿಯ ಮನೆಯಲ್ಲಿ ಇದ್ದ ಸಂಪತ್ತೇ ಸಾಕು. ನಂದಿಬಟ್ಟಲ ಹೂವಿನ ರಸದಲ್ಲಿ ಬಟ್ಟೆಯನ್ನು ಅದ್ದಿ, ನೆರಳಿನಲ್ಲಿ ಒಣಗಿಸಿ, ಬತ್ತಿ ಹೊಸೆದು, ಹರಳೆಣ್ಣೆಯ ಹಣತೆಯಲ್ಲಿ ಉರಿಸಿ, ಮೇಲೆ ಕವುಚಿದ ತಾಮ್ರದ ತಟ್ಟೆಗೆ ಹಿಡಿದ ಮಸಿಯನ್ನು ಬೆಣ್ಣೆಯಲ್ಲಿಯೋ ಎಣ್ಣೆಯಲ್ಲಿಯೋ ಮರ್ದಿಸಿದರೆ ಅದು ಕಾಡಿಗೆ. ಸಬ್ಬಕ್ಕಿಯನ್ನು ಬಾಣಲೆಯಲ್ಲಿ ಕಪ್ಪಾಗುವವರೆಗೆ ಹುರಿದು, ನೀರು ಹೊಯ್ದು ಕುದಿಸಿ, ಅಂಟಾದ ಪಾಕವನ್ನು ತೆಂಗಿನ ಕರಟಕ್ಕೆ ಸುರಿದು ಆರಿಸಿದರೆ ಅದು ಕೂಸಿನ ಹಣೆಯ ಕಪ್ಪು, ಕೆಲವರ ಬಾಯಲ್ಲಿ ಸಾದು. ಬೇಕೆಂದಾಗ ಬೆರಳಿಗೆ ಎರಡು ಹನಿ ನೀರು ಮುಟ್ಟಿಸಿ ಕರಟದ ಒಳಮೈಯನ್ನು ಉಜ್ಜಿದರೆ ಸಾಕು, ಬೊಟ್ಟು ಸಿದ್ಧ. ತೆಂಗಿನ ನಾಡಿನಲ್ಲಿ ಕರಟಕ್ಕೆ ಬರವಿಲ್ಲ. ಆ ಡಬ್ಬಿಗೆ ಮುಚ್ಚಳವೂ ಬೇಡ, ಹೆಸರಿನ ಚೀಟಿಯೂ ಬೇಡ.

ಕುಂಕುಮದ ಕಥೆ ಇನ್ನೂ ಸ್ವಾರಸ್ಯವಾದದ್ದು. ಸಂಸ್ಕೃತದ ಕುಂಕುಮವೆಂದರೆ ಕೇಸರಿ, ಕಾಶ್ಮೀರದ ಹೂವಿನ ಎಳೆ. ಅಷ್ಟು ಬೆಲೆಯ ವಸ್ತು ಎಲ್ಲರ ಹಣೆಗೂ ಎಟುಕುವಂಥದಲ್ಲ. ಅರಿಸಿನಕ್ಕೆ ಸುಣ್ಣದಂಥ ಕ್ಷಾರ ಸೋಕಿದರೆ ಕೆಂಪಾಗುತ್ತದೆಂಬುದನ್ನು ಕಂಡುಕೊಂಡ ಯಾರೋ ಜಾಣೆಯರು ಮನೆಯಲ್ಲಿಯೇ ಕೆಂಪನ್ನು ಮಾಡಿಕೊಂಡರು. ಹೆಸರನ್ನು ಮಾತ್ರ ಕೇಸರಿಯದನ್ನೇ ಇಟ್ಟರು. ಹೀಗೆ ಎರವಲಿನ ಹೆಸರಿಗೆ ಊರಿನ ಸರಕನ್ನು ತುಂಬುವುದು ಸ್ನೋ ಕಾಲದಲ್ಲಿ ಹುಟ್ಟಿದ ಅಭ್ಯಾಸವೇನೂ ಅಲ್ಲ.

ಹಳೆಯ ಸಂಪತ್ತಿನಲ್ಲಿ ನಿಜವಾಗಿ ಬೆಲೆಬಾಳುವುದು ಹೆಸರುಗಳಿಗಿಂತಲೂ ಕ್ರಿಯಾಪದಗಳು. ಕಾಡಿಗೆಯನ್ನು ತೀಡುತ್ತಾರೆ. ಕುಂಕುಮವನ್ನು ಇಡುತ್ತಾರೆ. ತಿಲಕವನ್ನು ತಿದ್ದುತ್ತಾರೆ. ಗಂಧವನ್ನು ತೇಯುತ್ತಾರೆ, ಪೂಸುತ್ತಾರೆ. ಹೂವನ್ನು ಮುಡಿಯುತ್ತಾರೆ, ಜಡೆಯನ್ನು ಹೆಣೆಯುತ್ತಾರೆ, ಬಳೆಯನ್ನು ತೊಡುತ್ತಾರೆ, ನೆತ್ತಿಗೆ ಎಣ್ಣೆಯನ್ನು ಒತ್ತುತ್ತಾರೆ. ಒಂದೊಂದು ಕ್ರಿಯೆಗೂ ಕೈಬೆರಳುಗಳ ಬೇರೆ ಬೇರೆ ಚಲನೆ. ಆ ಚಲನೆಗೆ ತಕ್ಕ ಮಾತು. ಹೂ ಮುಡಿ ಎನ್ನುವಲ್ಲಿ ಹೂ ಹಾಕು ಎಂದರೆ ಹಿಂದಿನ ತಲೆಮಾರಿನ ತಾಯಿ ನಕ್ಕುಬಿಡುತ್ತಿದ್ದಳು. ಇಂಗ್ಲಿಷಿನವರು ಈ ಎಲ್ಲವನ್ನೂ ಬಹುಮಟ್ಟಿಗೆ 'ವೇರ್' ಎಂಬ ಒಂದೇ ಕ್ರಿಯಾಪದದಿಂದ ಸಾಗಿಸುತ್ತಾರೆ. ಅವರು ಸೀರೆಯನ್ನು ಉಡುವುದೂ ವೇರ್, ಲಿಪ್‌ಸ್ಟಿಕ್ ಹಚ್ಚುವುದೂ ವೇರ್, ಅತ್ತರು ಪೂಸುವುದೂ ವೇರ್, ಮುಖದಲ್ಲಿ ಮುಗುಳುನಗೆ ತಾಳುವುದೂ ವೇರ್. ಅದು ಅವರ ಭಾಷೆಯ ಜಾಯಮಾನ, ಅದರಲ್ಲಿ ತಪ್ಪಿಲ್ಲ. ಕನ್ನಡಕ್ಕೆ ಬಂದ ಇಂಗ್ಲಿಷಿನ ನಾಮಪದಗಳು ತಮ್ಮೊಡನೆ ಕ್ರಿಯಾಪದಗಳನ್ನು ತರಲಿಲ್ಲ. ಬಂದ ಅತಿಥಿಗಳಿಗೆಲ್ಲ ಕನ್ನಡವು 'ಹಾಕು', 'ಮಾಡು' ಎಂಬ ಎರಡು ಚಾಪೆಗಳನ್ನು ಹಾಸಿತು. ಪೌಡರ್ ಹಾಕು, ಲಿಪ್‌ಸ್ಟಿಕ್ ಹಾಕು, ಸೆಂಟ್ ಹಾಕು, ಫೇಷಿಯಲ್ ಮಾಡಿಸು, ಐಬ್ರೋ ಮಾಡಿಸು. ಅಲ್ಲಿಗೆ ನಿಂತಿದ್ದರೆ ಚಿಂತೆಯಿರಲಿಲ್ಲ. ಅತಿಥಿಗಳ ಚಾಪೆ ಮೆಲ್ಲನೆ ಮನೆಯವರ ಕೆಳಗೂ ಹರಡಿತು. ಈಗ ಕುಂಕುಮವನ್ನೂ ಹಾಕುತ್ತಾರೆ, ಹೂವನ್ನೂ ಹಾಕುತ್ತಾರೆ, ಬಳೆಯನ್ನೂ ಹಾಕುತ್ತಾರೆ. ಲಿಪ್‌ಸ್ಟಿಕ್ ಎಂಬ ಪದ ಬಂದದ್ದರಿಂದ ಕನ್ನಡಕ್ಕೆ ನಷ್ಟವಾಗಲಿಲ್ಲ. ತೀಡು, ಮುಡಿ, ಪೂಸು ಎಂಬುವು ಮರೆಗೆ ಸರಿದದ್ದರಿಂದ ಆಗಿದೆ. ಭಾಷಾಭಿಮಾನಿಗಳು ಮೊದಲನೆಯದನ್ನು ಕುರಿತು ಕೂಗಾಡುವುದುಂಟು, ಎರಡನೆಯದರ ಕಡೆಗೆ ಅವರ ಗಮನ ಹೋದದ್ದು ಕಡಿಮೆ. ಹುಬ್ಬು ತಿದ್ದಿಸಿಕೊಳ್ಳುವುದು ಎಂಬ ಮಾತು ಈಗಲೂ ಬಳಕೆಗೆ ಸಿದ್ಧವಾಗಿದೆ; ಮರಳಿನ ಮೇಲೆ ಅಕ್ಷರ ತಿದ್ದಿದ ಬೆರಳಿಗೆ ಅದು ಅಪರಿಚಿತವೂ ಅಲ್ಲ.

ಇನ್ನು ಪರದೇಶದಿಂದ ಬಂದವೆಂದು ನಾವು ತಿಳಿದಿರುವ ಮಾತುಗಳಲ್ಲಿ ಕೆಲವು ವಾಸ್ತವದಲ್ಲಿ ತವರಿಗೆ ಮರಳಿದ ಹೆಣ್ಣುಮಕ್ಕಳು. ಶಾಂಪೂ ಎಂಬುದು ಹಿಂದಿಯ 'ಚಾಂಪೋ', ಒತ್ತು, ತಿಕ್ಕು ಎಂಬರ್ಥದ ಕ್ರಿಯಾಪದ. ಹದಿನೆಂಟನೆಯ ಶತಮಾನದಲ್ಲಿಯೇ ಅದು ಇಂಗ್ಲಿಷನ್ನು ಸೇರಿತ್ತು. ಪಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮಹಮ್ಮದ್ ಎಂಬ ಸಾಹಸಿ ಹತ್ತೊಂಬತ್ತನೆಯ ಶತಮಾನದ ಮೊದಲ ಪಾದದಲ್ಲಿ ಇಂಗ್ಲೆಂಡಿನ ಬ್ರೈಟನ್ ನಗರದಲ್ಲಿ ಸ್ನಾನಗೃಹವನ್ನು ತೆರೆದು, ದೊರೆಗಳ ಮೈಯನ್ನೂ ಒತ್ತಿ, ಆ ಮಾತನ್ನು ಅಲ್ಲಿ ಮನೆಮಾತು ಮಾಡಿದನು. ಅಂದು ಅದು ಮೈಯೊತ್ತುವ ವಿದ್ಯೆ. ಬರಬರುತ್ತ ತಲೆ ತೊಳೆಯುವ ಕೆಲಸವಾಗಿ, ಅನಂತರ ಸೀಸೆಯೊಳಗಿನ ದ್ರವವಾಗಿ, ಕಟ್ಟಕಡೆಗೆ ಮಾಯಸಂದ್ರದ ಅಂಗಡಿಯ ಮುಂದೆ ಮಾಲೆಯಂತೆ ಇಳಿಬಿಟ್ಟ ಪುಟ್ಟ ಪೊಟ್ಟಣವಾಗಿ ಭಾರತಕ್ಕೆ ಹಿಂದಿರುಗಿತು. ಸೀಗೆಯ ಪುಡಿಯನ್ನು ಸ್ನಾನದ ಮನೆಯಿಂದ ಹೊರಡಿಸಿದ್ದು ಇದೇ ಪೊಟ್ಟಣ.

'ಲ್ಯಾಕ್ಮೆ'ಯ ಸಂಗತಿಯೂ ಅಂಥದೇ. 1952ರಲ್ಲಿ ಟಾಟಾ ಸಂಸ್ಥೆಯವರು ಆರಂಭಿಸಿದ ಈ ಅಲಂಕಾರ ಸಾಮಗ್ರಿಗಳಿಗೆ ಫ್ರೆಂಚ್ ಸಂಗೀತಗಾರ ಡೆಲೀಬನ 1883ರ ಗೀತನಾಟಕದ ಹೆಸರನ್ನಿಟ್ಟರು. ಆ ನಾಟಕದ ನಾಯಿಕೆ ಹಿಂದೂ ಪುರೋಹಿತನ ಮಗಳು. ಅವಳ ಹೆಸರು ನಮ್ಮ ಲಕ್ಷ್ಮಿಯೇ, ಫ್ರೆಂಚರ ಉಚ್ಚಾರಣೆಯಲ್ಲಿ. ವರಮಹಾಲಕ್ಷ್ಮಿಯ ವ್ರತದ ದಿನ ಲ್ಯಾಕ್ಮೆ ಹಚ್ಚಿಕೊಂಡ ಗೃಹಿಣಿ ಒಂದೇ ದೇವಿಯನ್ನು ಎರಡು ಬಗೆಯಲ್ಲಿ ಆರಾಧಿಸುತ್ತಿರುತ್ತಾಳೆ. ನೇಲ್ ಲ್ಯಾಕರಿನ ಒಳಗೆ ಸಂಸ್ಕೃತದ ಲಾಕ್ಷಾ ಅಡಗಿದೆ, ನಮ್ಮ ಅರಗು. ಹಳಗನ್ನಡದ ಹೆಣ್ಣುಗಳು ಪಾದಕ್ಕೆ ಬಳಿದುಕೊಳ್ಳುತ್ತಿದ್ದ ಅಲತಿಗೆಯೂ ಆ ಅರಗಿನ ಕೆಂಪೇ. ಅರಬ್ಬಿಯ 'ಕುಹ್ಲ್' ಎಂಬ ಕಣ್ಣಿನ ಅಂಜನವು ಇಂಗ್ಲಿಷಿನಲ್ಲಿ ಒಂದು ಕಡೆ ಕೋಲ್ ಆಗಿ ಕಾಡಿಗೆಯಾಗಿಯೇ ಉಳಿದರೆ, ಇನ್ನೊಂದು ಕಡೆ ಆಲ್ಕೊಹಾಲ್ ಆಗಿ ಸಾರಾಯಿಯ ಸೀಸೆಯನ್ನು ಸೇರಿತು. ನಯವಾದ ಪುಡಿ ಎಂಬ ಅರ್ಥ ಸಾರ ಎಂಬ ಅರ್ಥಕ್ಕೆ ಜಾರಿದ್ದರ ಫಲ ಅದು.

ಪೌಡರಿನ ಕಡೆಗೂ ಒಂದು ಮಾತು. ಟಾಲ್ಕಮ್ ಎಂಬುದರ ಮೂಲ ಅರಬ್ಬಿಯ 'ತಲ್ಕ್'. ಅದೊಂದು ಮೆತ್ತನೆಯ ಖನಿಜ. ನಮ್ಮ ಬಳಪದ ಕಲ್ಲಿನಲ್ಲಿರುವುದೂ ಅದೇ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಚೆನ್ನಕೇಶವ ದೇವಾಲಯವನ್ನು ಹೊಯ್ಸಳ ಶಿಲ್ಪಿಗಳು ಕಡೆದದ್ದು ಆ ಕಲ್ಲಿನಲ್ಲಿ. ಬೇಲೂರಿನ ದರ್ಪಣಸುಂದರಿ ಕನ್ನಡಿ ಹಿಡಿದು ನಿಂತಿರುವುದೂ ಆ ಕಲ್ಲಿನಲ್ಲಿಯೇ. ಎಂಟು ಶತಮಾನಗಳಿಗೂ ಮಿಗಿಲಾಗಿ ಸಿಂಗರಿಸಿಕೊಳ್ಳುತ್ತಲೇ ಇರುವ ಆ ಚೆಲುವೆಗೆ ಪೌಡರಿನ ಅಗತ್ಯವಿಲ್ಲ, ಅವಳ ಮೈಯೇ ಪೌಡರು.

ಗಂಧದ ವಿಷಯದಲ್ಲಿ ಮಾತ್ರ ಕೊಂಚ ಬೇಸರವಾಗುತ್ತದೆ. ಚಂದನವೆಂಬ ಮಾತು ಗ್ರೀಕರಿಗೆ ಹೋಗಿ, ಲ್ಯಾಟಿನ್ನಿಗೆ ದಾಟಿ, ಇಂಗ್ಲಿಷಿನಲ್ಲಿ ಸ್ಯಾಂಡಲ್ ಆಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಸ್ಥಾಪಿತವಾಯಿತು. ಸೋಸಲೆ ಗರಳಪುರಿ ಶಾಸ್ತ್ರಿಗಳ ರಸಾಯನವಿದ್ಯೆಯ ಬಲದಿಂದ 1918ರಲ್ಲಿ ಸಾಬೂನು ಹೊರಬಂದಿತು. ಕನ್ನಡ ನಾಡಿನ ಮರ, ಕನ್ನಡ ನಾಡಿನ ಸರ್ಕಾರ, ಕನ್ನಡಿಗ ವಿಜ್ಞಾನಿ. ಹೆಸರು ಮಾತ್ರ 'ಮೈಸೂರ್ ಸ್ಯಾಂಡಲ್'. ಶ್ರೀಗಂಧವೆಂಬ ಮನೆಮಾತನ್ನು ಬಿಟ್ಟು, ಕಾಲಿನ ಪಾದರಕ್ಷೆಗೂ ಸಲ್ಲುವ ಶಬ್ದವನ್ನು ಕನ್ನಡ ಲಿಪಿಯಲ್ಲಿ ಬರೆದು ಒಂದು ಶತಮಾನವೇ ಕಳೆದಿದೆ. ಲೋಕದ ಮಾರುಕಟ್ಟೆಗೆ ಇಂಗ್ಲಿಷ್ ಹೆಸರು ಬೇಕಿತ್ತೆಂಬುದು ನಿಜ. ಒಳಗಿನ ಮಾರುಕಟ್ಟೆಗೆ ಇನ್ನೊಂದು ಹೆಸರಿದ್ದರೆ ಪರಿಮಳವೇನೂ ಕಡಿಮೆಯಾಗುತ್ತಿರಲಿಲ್ಲ.

ಕೆಲವು ಪದಗಳು ಬರುವಾಗ ತಮ್ಮ ನಿಂದೆಯನ್ನು ಕಳಚಿಟ್ಟು ಬಂದಿವೆ. ವ್ಯಾನಿಟಿ ಎಂದರೆ ಒಣಹೆಮ್ಮೆ. ಕನ್ನಡದ ವ್ಯಾನಿಟಿ ಬ್ಯಾಗಿನಲ್ಲಿ ಬಸ್ಸಿನ ಚಿಲ್ಲರೆ, ಮಗುವಿನ ಕರವಸ್ತ್ರ, ತಲೆನೋವಿನ ಮಾತ್ರೆಗಳಿವೆಯೇ ಹೊರತು ಹೆಮ್ಮೆ ಎಲ್ಲಿದೆ? ಮಸ್ಕಾರ ಎಂಬುದು ಮುಖವಾಡಕ್ಕೆ ಸಂಬಂಧಿಸಿದ ಮಾತು. ಬ್ಲಷ್ ಎಂದರೆ ನಾಚಿಕೆಯ ಕೆಂಪು. ಅದೀಗ ಡಬ್ಬಿಯಲ್ಲಿ ದೊರೆಯುತ್ತದೆ, ನಾಚುವ ಶ್ರಮವಿಲ್ಲ. ಬ್ಯೂಟಿ ಪಾರ್ಲರಿನ ಪಾರ್ಲರು ಫ್ರೆಂಚಿನಲ್ಲಿ ಮಾತಾಡು ಎಂಬ ಧಾತುವಿನಿಂದ ಬಂದದ್ದು, ಹರಟೆಯ ಕೋಣೆ. ಈ ಒಂದು ಪದದ ಮಟ್ಟಿಗೆ ಮೂಲಾರ್ಥಕ್ಕೆ ಎಲ್ಲಿಯೂ ಚ್ಯುತಿ ಬಂದಿಲ್ಲವೆಂದು ಅನುಭವಿಗಳು ಹೇಳುತ್ತಾರೆ.

'ಮೇಕಪ್' ಕನ್ನಡಕ್ಕೆ ಬಂದದ್ದು ರಂಗಭೂಮಿ, ಸಿನಿಮಾಗಳ ದಾರಿಯಿಂದ. ತುರುವೇಕೆರೆಯ ನೆರೆಯ ತಾಲ್ಲೂಕಾದ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘವು ಗುಬ್ಬಿ ವೀರಣ್ಣನವರ ಕಾಲದಲ್ಲಿ ದೇಶದ ದೊಡ್ಡ ಕಂಪನಿಗಳಲ್ಲೊಂದಾಯಿತು. ಅದಕ್ಕೂ ಹಿಂದೆ ಈ ಸೀಮೆಯ ಮೂಡಲಪಾಯ ಬಯಲಾಟದವರಿಗೆ ತಮ್ಮದೇ ಮಾತುಗಳಿದ್ದವು. ಬಯಲಾಟಗಳ ಬಣ್ಣದ ಪೆಟ್ಟಿಗೆಯಲ್ಲಿ ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಬಿಳಿಗೆ ಸಫೇತು, ಕಪ್ಪಿಗೆ ಕಾಡಿಗೆ. ಎಲ್ಲವನ್ನೂ ಕಲಸಲು ಕೊಬ್ಬರಿಯೆಣ್ಣೆ, ಬೆಳಗಿನ ಜಾವ ಆಟ ಮುಗಿದ ಮೇಲೆ ಎಲ್ಲವನ್ನೂ ಒರೆಸಲೂ ಕೊಬ್ಬರಿಯೆಣ್ಣೆ. ಇಂದಿನ ಪಾರ್ಲರಿನಲ್ಲಿ ಬೇಸ್ ಎಂದೂ ರಿಮೂವರ್ ಎಂದೂ ಎರಡು ಬೆಲೆಗೆ ಮಾರುವ ಎರಡು ವಸ್ತುಗಳ ಕೆಲಸವನ್ನು ಅಂದು ಒಂದೇ ಗಿಂಡಿ ಮಾಡುತ್ತಿತ್ತು. ಆ ಹಳೆಯ ಬಣ್ಣಗಳನ್ನು ನೆನೆದು ಹೆಚ್ಚು ಮರುಗಬೇಕಾಗಿಲ್ಲ. ಅರದಾಳವು ಪಾಷಾಣ, ಇಂಗಳೀಕದಲ್ಲಿ ಪಾದರಸ, ಹಳೆಯ ಸಫೇತಿನಲ್ಲಿ ಸೀಸ. ದೇಶೀ ಹೆಸರಿದ್ದ ಮಾತ್ರಕ್ಕೆ ವಸ್ತು ನಿರಪಾಯಕರವಾಗಿರಲಿಲ್ಲ. ಬಣ್ಣವೆಂಬ ಮಾತಿನ ವ್ಯಾಪ್ತಿಯನ್ನಂತೂ ಮೇಕಪ್ ಇನ್ನೂ ಮುಟ್ಟಿಲ್ಲ. ಬಣ್ಣ ಹಚ್ಚಿದನೆಂದರೆ ನಟನಾದನು, ಬಣ್ಣ ಕಟ್ಟಿ ಹೇಳಿದನೆಂದರೆ ಇಲ್ಲದ್ದನ್ನು ಸೇರಿಸಿದನು, ಬಣ್ಣಿಸಿದನೆಂದರೆ ಕವಿಯಾದನು. ಇಂಗ್ಲಿಷಿನ ಮೇಕಪ್ ಕೂಡ ಕಟ್ಟುಕಥೆ ಹೆಣೆಯುವುದಕ್ಕೆ ಸಲ್ಲುತ್ತದೆಂಬುದನ್ನು ನೋಡಿದರೆ, ಮುಖದ ಬಣ್ಣವನ್ನೂ ಮಾತಿನ ಬಣ್ಣವನ್ನೂ ಒಟ್ಟಿಗೆ ಸಂದೇಹದಿಂದ ನೋಡುವ ವಿಷಯದಲ್ಲಿ ಎರಡು ಜನಾಂಗಗಳೂ ಒಂದಾಗಿವೆ.

ಮಾತಿನಿಂದ ಮನಸ್ಸಿಗೆ ಗಾಯವಾಗುವುದು ಮೈಬಣ್ಣದ ವಿಷಯದಲ್ಲಿ. ಕನ್ನಡದಲ್ಲಿ ಬೆಳ್ಳಗಿರುವವಳನ್ನು 'ಕೆಂಪಗಿದ್ದಾಳೆ' ಎನ್ನುವ ರೂಢಿಯುಂಟು. ಅದರ ಕೆಳಗೆ ಎಣ್ಣೆಗೆಂಪು, ಗೋಧಿಬಣ್ಣ, ನಸುಗಪ್ಪು, ಸಾದುಗಪ್ಪು, ಎಣ್ಣೆಗಪ್ಪು ಎಂದು ಎಷ್ಟೊಂದು ಮೆಟ್ಟಿಲುಗಳು! ಎಣ್ಣೆಗೆಂಪು ಎಂಬಲ್ಲಿ ಹೊಳಪಿದೆ. ಸಾದುಗಪ್ಪು ಎಂಬಲ್ಲಿ ಹಣೆಗಿಡುವ ಸಾದಿನ ನೆರಳಿದೆ. ಈ ಮಾತುಗಳನ್ನಾಡಿದವರೆಲ್ಲ ಉದಾರಿಗಳಾಗಿದ್ದರೆಂದಲ್ಲ. ಹೆಣ್ಣು ನೋಡಲು ಬಂದವರು ಕಪ್ಪೆಂದು ಹೇಳಿ ಉಪ್ಪಿಟ್ಟು ತಿಂದು ಹೊರಟುಹೋದ ಪ್ರಸಂಗಗಳು ಯಾವ ಊರಿನಲ್ಲಿಲ್ಲ? ಆದರೂ ಮೆಟ್ಟಿಲುಗಳಿದ್ದವು, ನಿಲ್ಲಲು ಎಡೆಗಳಿದ್ದವು. ಇಂಗ್ಲಿಷಿನ 'ಫೇರ್' ಬಂದು ಈ ಸೋಪಾನವನ್ನು ಕೆಡವಿ ಎರಡೇ ಕೋಣೆಗಳನ್ನು ಉಳಿಸಿತು. ಆ ಪದಕ್ಕೆ ಚೆಲುವು, ನ್ಯಾಯ, ಬಿಳುಪು ಎಂಬ ಮೂರು ಅರ್ಥಗಳೂ ಇರುವುದರಿಂದ ಬೆಳ್ಳಗಿಲ್ಲದವಳು ಒಂದೇ ಏಟಿಗೆ ಮೂರನ್ನೂ ಕಳೆದುಕೊಂಡಂತಾಯಿತು. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ ಎಂಬ ಮುಲಾಮು 45 ವರ್ಷ ಆ ಹೆಸರಿನಲ್ಲಿಯೇ ಮಾರಾಟವಾಗಿ, ಲೋಕದಾದ್ಯಂತ ವರ್ಣಭೇದದ ವಿರುದ್ಧ ಕೂಗೆದ್ದ 2020ರಲ್ಲಿ ಗ್ಲೋ ಅಂಡ್ ಲವ್ಲಿ ಎಂದು ಹೆಸರನ್ನು ಬದಲಾಯಿಸಿಕೊಂಡಿತು. ಹೆಸರು ಬದಲಾದದ್ದು ಒಳ್ಳೆಯದೇ. ಕೊಳ್ಳುವವರ ಮನಸ್ಸು ಬದಲಾಯಿತೇ ಎಂಬುದಕ್ಕೆ ಮದುವೆಯ ಜಾಹೀರಾತುಗಳನ್ನು ಓದಬೇಕು.

ಬಿಳುಪಿನ ಹಂಬಲಕ್ಕೆ ತೆತ್ತ ಬೆಲೆ ಕೆಲವೊಮ್ಮೆ ಮೈಯನ್ನೇ ಮುಟ್ಟಿದೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ ವೈದ್ಯರು 2021ರಿಂದ 2023ರವರೆಗೆ ಒಂದು ಬಗೆಯ ಮೂತ್ರಪಿಂಡದ ಕಾಯಿಲೆಯ 22 ರೋಗಿಗಳನ್ನು ಪರೀಕ್ಷಿಸಿದಾಗ, ಅವರಲ್ಲಿ 15 ಮಂದಿಗೆ ಅಪರೂಪದ ಒಂದು ರೂಪದ ವ್ಯಾಧಿಯಿತ್ತು. ಆ 15ರಲ್ಲಿ 13 ಮಂದಿ ಮೈ ಬೆಳ್ಳಗಾಗಿಸುವ ಮುಲಾಮನ್ನು ಬಳಸಿದವರಾಗಿದ್ದರು. ಶಂಕೆ ಹೋದದ್ದು ಪಾದರಸದ ಕಡೆಗೆ. ಭಾರತದ 2020ರ ಕಾಸ್ಮೆಟಿಕ್ಸ್ ನಿಯಮಗಳು ಬಣ್ಣಕ್ಕಾಗಿ ಸೀಸ, ಪಾಷಾಣಗಳ ಬಳಕೆಯನ್ನು ನಿಷೇಧಿಸಿವೆ. ಪಾದರಸಕ್ಕೂ ಬಿಗಿಯಾದ ಮಿತಿಯನ್ನು ಹಾಕಿವೆ. ತಯಾರಕನ ಹೆಸರೇ ಇಲ್ಲದ ಡಬ್ಬಿಗೆ ಯಾವ ನಿಯಮ?

ಇಲ್ಲಿ ಇನ್ನೊಂದು ಪಕ್ಷವನ್ನೂ ಕೇಳಬೇಕು. ಅರಿಸಿನ, ಕುಂಕುಮ, ಹೂ, ಬಳೆ ಎಂಬ ನಮ್ಮ ಸುಂದರವಾದ ಮಾತುಗಳೆಲ್ಲ ಮುತ್ತೈದೆಯ ಸೊತ್ತು. ಗಂಡನನ್ನು ಕಳೆದುಕೊಂಡವಳ ಪಾಲಿಗೆ ಅವು ಒಂದೇ ದಿನದಲ್ಲಿ ನಿಷಿದ್ಧ ಶಬ್ದಗಳಾಗುತ್ತಿದ್ದವು. ಸಾವಿನ ಮನೆಯಲ್ಲಿ ಬಳೆ ಒಡೆದು ಕುಂಕುಮ ಅಳಿಸಿದ ಕೈಗಳಿಗೆ ಪೌಡರಿನ ವಿಷಯದಲ್ಲಿ ಯಾವ ಶಾಸ್ತ್ರವೂ ಗೊತ್ತಿರಲಿಲ್ಲ. ಸ್ನೋ, ಪೌಡರು, ಕ್ರೀಮುಗಳಿಗೆ ವ್ರತವಿಲ್ಲ, ಗೋತ್ರವಿಲ್ಲ, ಸೂತಕವಿಲ್ಲ. ಕೆಲಸಕ್ಕೆ ಹೋಗುವ ವಿಧವೆ ಮುಖಕ್ಕೆ ತೆಳ್ಳಗೆ ಪೌಡರು ಬಳಿದುಕೊಂಡು, ಹಣೆಗೆ ಒಂದು ಚಿಕ್ಕ 'ಸ್ಟಿಕ್ಕರ್' ಅಂಟಿಸಿಕೊಂಡು ಬಸ್ಸು ಹತ್ತಿದಾಗ ನೆರೆಹೊರೆಯವರು ಗೊಣಗಿದರೂ ತಡೆಯಲು ಅವರಿಗೆ ಮಂತ್ರ ಸಿಕ್ಕಲಿಲ್ಲ. ಕುಂಕುಮವೆಂದಿದ್ದರೆ ಸಿಕ್ಕುತ್ತಿತ್ತು. ಪರಭಾಷೆಯ ಮಾತು ಊರಿನ ಕಟ್ಟಳೆಗೆ ಸಿಲುಕದೆ ಸಂದಿಯಲ್ಲಿ ನುಸುಳಿ ಹೆಣ್ಣಿಗೆ ಉಪಕಾರ ಮಾಡಿದ ಬಗೆ ಇದು. ಕನ್ನಡದ ಅಭಿಮಾನಕ್ಕಾಗಿ ಇದನ್ನು ಮರೆಮಾಚಿದರೆ ಅನ್ಯಾಯವಾದೀತು.

ಈಗ ಇಂಗ್ಲಿಷಿನ ಅಲಂಕಾರದ ಮಾತುಗಳು ಶೋಕಿಯ ಮಟ್ಟವನ್ನು ದಾಟಿ ಅನ್ನದ ಪ್ರಶ್ನೆಯಾಗಿವೆ. ತೆಂಗಿಗೆ ಬೆಲೆ ಏರಿದರೂ ಇಳಿದರೂ ಎರಡೆಕರೆಯ ತೋಟ ಒಂದು ಸಂಸಾರಕ್ಕೆ ಸಾಲದ ಕಾಲದಲ್ಲಿ ಈ ಭಾಗದ ಹೆಣ್ಣುಮಕ್ಕಳು ತುರುವೇಕೆರೆ, ತಿಪಟೂರು, ತುಮಕೂರು, ಬೆಂಗಳೂರುಗಳಲ್ಲಿ ಪಾರ್ಲರಿನ ವಿದ್ಯೆ ಕಲಿಯುತ್ತಾರೆ. ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಕಾಸ್ಮೆಟಾಲಜಿ ಎಂಬುದು ಒಂದು ವರ್ಷದ ಶಿಕ್ಷಣಕ್ರಮ. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಗೆ ಅಲ್ಲಿ ಮೊದಲು ಎದುರಾಗುವುದು ಕೂದಲಲ್ಲ, ಚರ್ಮವಲ್ಲ, ಪದಗಳು. ಫೌಂಡೇಷನ್ ಎಂದರೆ ಅವಳಿಗೆ ಮನೆಯ ತಳಪಾಯ. ಬ್ಲೀಚ್ ಎಂದರೆ ಗ್ರಾಮ ಪಂಚಾಯಿತಿಯವರು ಚರಂಡಿಗೆ ಎರಚುವ ಬಿಳಿಯ ಪುಡಿ. ಪೀಲ್ ಎಂದರೆ ಸಿಪ್ಪೆ ಸುಲಿಯುವುದು. ಕನ್ಸೀಲರ್, ಪ್ರೈಮರ್, ಟೋನರ್, ಸೀರಮ್‌ಗಳ ನಡುವಣ ಅಂತರವನ್ನು ಅವಳು ಡಬ್ಬಿಯ ಬಣ್ಣದಿಂದ, ಮುಚ್ಚಳದ ಆಕಾರದಿಂದ ನೆನಪಿಟ್ಟುಕೊಳ್ಳುತ್ತಾಳೆ. ಡಬ್ಬಿ ಬದಲಾದರೆ ವಿದ್ಯೆ ಕೈಕೊಡುತ್ತದೆ. ಕೈಚಳಕದಲ್ಲಿ ಯಾರಿಗೂ ಕಡಿಮೆಯಿಲ್ಲದ ಹುಡುಗಿ ಗಿರಾಕಿಯ ಮುಂದೆ ಬಾಯಿ ತೆರೆಯಲು ಹೆದರುವುದು ಈ ಪದಗಳ ದೆಸೆಯಿಂದ. ಸೆಂಟಿಲ್ಲದ್ದು ಎಂಬುದಕ್ಕೂ ಸೆಂಟು ಮರೆಮಾಚಿದ್ದು ಎಂಬುದಕ್ಕೂ, ಚರ್ಮವೈದ್ಯರು ಪರೀಕ್ಷಿಸಿದ್ದು ಎಂಬುದಕ್ಕೂ ಚರ್ಮಕ್ಕೆ ಹಿತವಾದದ್ದು ಎಂಬುದಕ್ಕೂ ಇರುವ ವ್ಯತ್ಯಾಸ ಇಂಗ್ಲಿಷ್ ಬಲ್ಲವರಿಗೇ ತಿಳಿಯುವುದು ಕಷ್ಟ. ಬಾರದವರ ಪಾಡನ್ನು ಕೇಳಬೇಕೇ?

ಪದವೊಂದಕ್ಕೆ ಎಷ್ಟು ಬೆಲೆಯೆಂಬುದನ್ನು ತೆಂಗಿನ ನಾಡು ನ್ಯಾಯಾಲಯದ ಮೂಲಕವೂ ಕಂಡಿದೆ. ತಿಪಟೂರಿನ ಮಾರುಕಟ್ಟೆಗೆ ಬರುವ ಉಂಡೆ ಕೊಬ್ಬರಿ ಹೆಚ್ಚಾಗಿ ತಿನ್ನುವುದಕ್ಕೆ ಉತ್ತರ ಭಾರತಕ್ಕೆ ಹೋಗುತ್ತದೆ. ಎಣ್ಣೆಯ ಕಥೆ ಬೇರೆ. ಚಿಕ್ಕ ಸೀಸೆಯಲ್ಲಿ ಮಾರುವ ಕೊಬ್ಬರಿಯೆಣ್ಣೆ ಅಡುಗೆಯ ಎಣ್ಣೆಯೋ, ಕೇಶತೈಲವೋ? ತೆರಿಗೆಯ ಇಲಾಖೆ ಕೇಶತೈಲವೆಂದಿತು, ತಯಾರಕರು ಅಡುಗೆಯದೆಂದರು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಅಭಿಪ್ರಾಯ ಎರಡಾಯಿತು. 2024ರ ಡಿಸೆಂಬರಿನಲ್ಲಿ ಮೂವರ ಪೀಠವು, ಸೀಸೆ ಚಿಕ್ಕದಾದ ಮಾತ್ರಕ್ಕೆ ಎಣ್ಣೆ ಕೇಶತೈಲವಾಗದು, ಅದರ ಮೇಲೆ ಏನೆಂದು ಹೇಳಿ ಮಾರಲಾಗಿದೆಯೆಂಬುದನ್ನು ನೋಡಬೇಕು ಎಂಬ ಅರ್ಥದ ತೀರ್ಪನ್ನಿತ್ತಿತು. ಆಗ ಅಡುಗೆಯ ಎಣ್ಣೆಗೆ ಶೇಕಡ 5, ಕೇಶತೈಲಕ್ಕೆ ಶೇಕಡ 18 ತೆರಿಗೆ. 2025ರ ಸೆಪ್ಟೆಂಬರಿನಲ್ಲಿ ಕೇಶತೈಲದ ತೆರಿಗೆಯೂ 5ಕ್ಕೆ ಇಳಿಯಿತು. ಮಾಯಸಂದ್ರದ ಗೃಹಿಣಿ ಒಂದೇ ಡಬ್ಬದಿಂದ ಬೆಳಿಗ್ಗೆ ಮಗಳ ನೆತ್ತಿಗೂ ಸಂಜೆ ಒಗ್ಗರಣೆಗೂ ಎಣ್ಣೆ ಸುರಿಯುವಾಗ ಈ ವ್ಯಾಜ್ಯದ ಸುಳಿವೂ ಅವಳಿಗಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಎಚ್ಚರ ಬೇಕಾದದ್ದು ಕೂದಲಿನ ಬಣ್ಣದ ಪೊಟ್ಟಣದಲ್ಲಿ. ಕಪ್ಪು ಬಣ್ಣದ ಹೇರ್ ಡೈಗಳಲ್ಲಿ ಬಹಳಷ್ಟಕ್ಕೆ ಪ್ಯಾರಾ ಫೀನಿಲೀನ್ ಡೈಅಮೀನ್ ಎಂಬ ರಾಸಾಯನಿಕವೇ ಜೀವಾಳ. ಕೆಲವರ ಚರ್ಮಕ್ಕೆ ಅದು ಒಗ್ಗುವುದಿಲ್ಲ. ನೆತ್ತಿ ಬಾತು, ಕಣ್ಣು ಮುಚ್ಚುವಷ್ಟು ಮುಖ ಊದಿಕೊಳ್ಳುವುದುಂಟು. ಈ ಕಾರಣದಿಂದ ಅಂಥ ಪೊಟ್ಟಣದ ಮೇಲಿನ ಎಚ್ಚರಿಕೆಯು ಇಂಗ್ಲಿಷಿನ ಜೊತೆಗೆ ಪ್ರಾಂತಭಾಷೆಯಲ್ಲಿಯೂ ಇರತಕ್ಕದ್ದೆಂದು ಕಾನೂನು ವಿಧಿಸಿದೆ. ಹುಬ್ಬಿಗೂ ರೆಪ್ಪೆಗೂ ಇದನ್ನು ಹಚ್ಚಬಾರದು, ಹಚ್ಚಿದರೆ ಕಣ್ಣು ಹೋಗಬಹುದು. ಮೊದಲು ಕಿವಿಯ ಹಿಂದೆಯೋ ಮುಂಗೈಯ ಒಳಬದಿಗೋ ಕೊಂಚ ಸವರಿ, 24 ಗಂಟೆ ಕಾದು, ತುರಿಕೆ ಉರಿಗಳಿಲ್ಲದಿದ್ದರೆ ಮಾತ್ರ ಬಳಸಬೇಕು ಎಂಬುದು ಅದರ ಸಾರಾಂಶ. ಇಡೀ ಸೌಂದರ್ಯ ಸಾಮ್ರಾಜ್ಯದಲ್ಲಿ ಕನ್ನಡಕ್ಕೆ ಕಾಯಿದೆಯೇ ಕೊಡಿಸಿದ ಸ್ಥಾನಗಳಲ್ಲಿ ಇದೊಂದು, ಪೊಟ್ಟಣದ ಹಿಂಬದಿಯ ನಾಲ್ಕು ಸಾಲು. ಅವು ಸಾಸಿವೆಯಷ್ಟು ಸಣ್ಣ ಅಕ್ಷರಗಳಲ್ಲಿರುತ್ತವೆ. ಕೂದಲಿಗೆ ಬಣ್ಣ ಬೇಕೆನ್ನಿಸುವ ವಯಸ್ಸೂ ಕಣ್ಣಿಗೆ ಕನ್ನಡಕ ಬೇಕಾಗುವ ವಯಸ್ಸೂ ಸಾಮಾನ್ಯವಾಗಿ ಒಂದೇ. ಹೀಗಾಗಿ ಮಾಯಸಂದ್ರದಂಥ ಊರುಗಳಲ್ಲಿ, ಸೋದರತ್ತೆ ಬಟ್ಟಲಿನಲ್ಲಿ ಪುಡಿ ಕಲಸುತ್ತ ಕುಳಿತಿರುವಾಗ, ಖಾಲಿ ಪೊಟ್ಟಣವನ್ನು ಬೆಳಕಿಗೆ ಹಿಡಿದು ಆ ಸಾಲುಗಳನ್ನು ಗಟ್ಟಿಯಾಗಿ ಓದಿಹೇಳುವ ಕೆಲಸ ಮನೆಯ ಹೈಸ್ಕೂಲು ಹುಡುಗಿಯ ಪಾಲಿಗೆ ಬರುತ್ತದೆ.